ಅಡುಗೆಮನೆ ಮೇಲಿನ ವರ್ಕ್‌ಶಾಪ್

ಜೇಮ್ಸ್ ವ್ಯಾಟ್ ಅಂದ ಕೂಡಲೇ ನಮಗೆಲ್ಲ ನೆನಪಿಗೆ ಬರೋದು ಎರಡು ವಿಷಯ. ಒಂದು, ಒಲೆ ಮೇಲಿನ ಕೆಟಲ್ ಮುಚ್ಚಳ ಕುಣಿಯೋದನ್ನ ನೋಡಿ ಸ್ಟೀಮ್ ಎಂಜಿನ್ ಕಂಡುಹಿಡಿದ ಹುಡುಗನ ಕಥೆ. ಇನ್ನೊಂದು, ಹಾಸ್ಟೆಲ್ ರೂಮಿನ ಬಲ್ಬಿನಿಂದ ಹಿಡಿದು ಲ್ಯಾಬಿನ ಮೋಟರ್ ನೇಮ್‌ಪ್ಲೇಟ್ ತನಕ ಎಲ್ಲ ಕಡೆ ಕಾಣೋ ಅವನ ಹೆಸರಿನ ಯೂನಿಟ್. ಮೊದಲನೆಯದು ಬಹುಮಟ್ಟಿಗೆ ಕಟ್ಟುಕಥೆ. ಸ್ಟೀಮ್ ಎಂಜಿನ್ ಅವನು ಹುಟ್ಟೋ ಮೊದಲೇ ಇತ್ತು. ಥಾಮಸ್ ನ್ಯೂಕೊಮೆನ್ 1712ರಲ್ಲೇ ಗಣಿಯ ನೀರೆತ್ತೋಕೆ ಅದನ್ನ ನಿಲ್ಲಿಸಿದ್ದ. ಎರಡನೆಯದನ್ನ ವ್ಯಾಟ್ ನೋಡಲೇ ಇಲ್ಲ. ಅವನು ಸತ್ತು 63 ವರ್ಷ ಆದ ಮೇಲೆ, 1882ರಲ್ಲಿ, ವಿಲಿಯಂ ಸೀಮೆನ್ಸ್ ಈ ಹೆಸರನ್ನ ಸೂಚಿಸಿದ್ದು.

ಈ ಲೇಖನದಲ್ಲಿ ನಾನು ಹೇಳಬೇಕು ಅಂತಿರೋದು ಅವನ ಇಡೀ ಬದುಕನ್ನ, ಅದರಲ್ಲೂ ನಮ್ಮ ಸಿಲಬಸ್‌ನಲ್ಲಿ ಎಲ್ಲೂ ಬರದೇ ಇರೋ ಕೊನೆಯ 19 ವರ್ಷಗಳನ್ನ. ಆ ವರ್ಷಗಳಲ್ಲಿ ಅವನು ತನ್ನ ಮನೆಯ ಅಟ್ಟದಲ್ಲಿ, ತನಗೋಸ್ಕರ ಮಾತ್ರ, ಮಷಿನ್‌ಗಳನ್ನ ಕಟ್ಟುತ್ತಾ ಕೂತಿದ್ದ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರು ಇವತ್ತು ಅದನ್ನ ನೋಡಿದ್ರೆ ಇದು ಒಂಥರಾ ಕಾಪಿ ಮಿಲ್ಲಿಂಗ್ ಮಷಿನ್ ಅಲ್ವಾ ಅಂತ ಕೇಳ್ತಾರೆ.

ಅಪ್ಪನ ಅಂಗಡಿಯ ಮೂಲೆ

ವ್ಯಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಅನ್ನೋ ಬಂದರು ಊರಲ್ಲಿ. ತಾತ ಥಾಮಸ್ ಗಣಿತ ಮತ್ತು ಹಡಗು ನಡೆಸೋ ವಿದ್ಯೆ ಕಲಿಸ್ತಿದ್ದ ಮೇಷ್ಟ್ರು. ಅಪ್ಪನ ಹೆಸರೂ ಜೇಮ್ಸ್. ಹಡಗಿನ ಮರಗೆಲಸ, ಹಡಗಿನ ಉಪಕರಣಗಳ ರಿಪೇರಿ, ಜೊತೆಗೆ ಸಾಮಾನು ವ್ಯಾಪಾರ, ಹೀಗೆ ಎಲ್ಲಕ್ಕೂ ಕೈ ಹಾಕಿದ್ದ ಮನುಷ್ಯ. ಮಗನಿಗೆ ಚಿಕ್ಕಂದಿನಿಂದ ಆರೋಗ್ಯ ಸರಿ ಇರಲಿಲ್ಲ. ತಲೆನೋವು ಬಂದರೆ ದಿನಗಟ್ಟಲೆ ಮಲಗಿಬಿಡ್ತಿದ್ದ. ಅದಕ್ಕೆ ಮೊದಲ ಪಾಠವೆಲ್ಲ ಮನೆಯಲ್ಲೇ, ಅಮ್ಮ ಆಗ್ನೆಸ್ ಹತ್ತಿರ. ಅಪ್ಪನ ವರ್ಕ್‌ಶಾಪ್‌ನಲ್ಲಿ ಅವನಿಗೇ ಅಂತ ಒಂದು ಚಿಕ್ಕ ಬೆಂಚು, ಒಂದಿಷ್ಟು ಟೂಲ್ಸ್ ಇದ್ವು. ಅಲ್ಲಿ ಕೂತು ಕ್ರೇನು, ರಾಟೆ ಇಂಥವುಗಳ ಪುಟ್ಟ ಮಾದರಿ ಮಾಡ್ತಿದ್ದ. ಅವನಿಗೆ ಕಲಿಕೆ ಅಂದ್ರೆ ಏನು ಅನ್ನೋದು ಬಹುಶಃ ಆ ಬೆಂಚಿನ ಮೇಲೇ ತೀರ್ಮಾನ ಆಯ್ತು.

1753ರಲ್ಲಿ ಅಮ್ಮ ತೀರಿಹೋದ್ರು. ಅಪ್ಪನ ವ್ಯಾಪಾರಕ್ಕೂ ನಷ್ಟ ಆಯ್ತು. ಹದಿನೇಳರ ಹುಡುಗ ಈಗ ಸ್ವಂತ ಕಸುಬು ಕಲಿಯಲೇಬೇಕಿತ್ತು. ಗಣಿತದ ಉಪಕರಣ ಮಾಡೋದು, ಅಂದ್ರೆ ಸ್ಕೇಲು, ಕಂಪಾಸು, ಕ್ವಾಡ್ರಂಟ್ ಮುಂತಾದವನ್ನ ತಯಾರಿಸೋ ಕೆಲಸವನ್ನ ಆರಿಸಿಕೊಂಡ. ಗ್ಲಾಸ್ಗೋದಲ್ಲಿ ಅದನ್ನ ಸರಿಯಾಗಿ ಕಲಿಸೋರು ಸಿಗಲಿಲ್ಲ. 1755ರಲ್ಲಿ ಕುದುರೆ ಮೇಲೆ ಲಂಡನ್ನಿಗೆ ಹೊರಟ. ದಾರಿಗೇ ಹತ್ತು ಹನ್ನೆರಡು ದಿನ ಹಿಡೀತು.

ಲಂಡನ್ನಿನಲ್ಲಿ ಇನ್ನೊಂದು ತೊಂದರೆ. ಅಲ್ಲಿನ ಕಸುಬುದಾರರ ಸಂಘದ ನಿಯಮದ ಪ್ರಕಾರ ಏಳು ವರ್ಷ ಅಪ್ರೆಂಟಿಸ್ ಆಗಿರಬೇಕು. ವ್ಯಾಟ್ ಹತ್ರ ಅಷ್ಟು ಸಮಯವೂ ಇಲ್ಲ, ದುಡ್ಡೂ ಇಲ್ಲ. ಕಾರ್ನ್‌ಹಿಲ್‌ನಲ್ಲಿದ್ದ ಜಾನ್ ಮಾರ್ಗನ್ ಅನ್ನೋ ಉಪಕರಣ ತಯಾರಕ 20 ಗಿನಿ ತಗೊಂಡು, ನಿಯಮದ ಹೊರಗೆ, ಒಂದೇ ವರ್ಷ ಕಲಿಸೋಕೆ ಒಪ್ಪಿಕೊಂಡ. ಏಳು ವರ್ಷದ ಕೋರ್ಸನ್ನ ಒಂದೇ ವರ್ಷದಲ್ಲಿ ಮುಗಿಸೋದು ಅಂದ್ರೆ ಹೆಂಗಿರುತ್ತೆ ಯೋಚನೆ ಮಾಡಿ. ವ್ಯಾಟ್ ಹೊತ್ತು ಗೊತ್ತಿಲ್ಲದೆ ದುಡಿದ. ಬೀದಿಯಲ್ಲಿ ಸಿಕ್ಕಿದ ಗಂಡಸರನ್ನ ಬಲವಂತವಾಗಿ ನೌಕಾಪಡೆಗೆ ಎಳ್ಕೊಂಡು ಹೋಗೋ ಕಾಲ ಅದು. ಹಾಗಾಗಿ ಹೊರಗೆ ಓಡಾಡೋಕೂ ಹೆದರಿಕೆ. ವರ್ಷ ಮುಗಿಯೋ ಹೊತ್ತಿಗೆ ದೇಹ ಕೈಕೊಟ್ಟಿತ್ತು, ಆದ್ರೆ ಕೈಗೆ ಕೆಲಸ ಬಂದಿತ್ತು.

1756ರಲ್ಲಿ ವಾಪಸ್ ಬಂದವನಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಒಂದು ಕೆಲಸ ಸಿಕ್ತು. ಜಮೈಕಾದ ವ್ಯಾಪಾರಿ ಅಲೆಕ್ಸಾಂಡರ್ ಮ್ಯಾಕ್‌ಫರ್ಲೇನ್ ಬಿಟ್ಟುಹೋದ ಖಗೋಳ ಉಪಕರಣಗಳು ಹಡಗಿನಲ್ಲಿ ಬಂದಿದ್ವು. ಉಪ್ಪುಗಾಳಿಗೆ ಹಾಳಾಗಿದ್ದ ಅವುಗಳನ್ನ ವ್ಯಾಟ್ ಸರಿಮಾಡಿ 5 ಪೌಂಡ್ ತಗೊಂಡ. 1757ರಲ್ಲಿ ವಿಶ್ವವಿದ್ಯಾಲಯದವರು ಕ್ಯಾಂಪಸ್ ಒಳಗೇ ಅವನಿಗೊಂದು ವರ್ಕ್‌ಶಾಪ್ ಕೊಟ್ರು. ಡಿಗ್ರಿ ಇಲ್ಲ, ಪ್ರೊಫೆಸರ್ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಆದರೂ ಕೆಮಿಸ್ಟ್ರಿ ಪ್ರೊಫೆಸರ್ ಜೋಸೆಫ್ ಬ್ಲ್ಯಾಕ್, ಆಗ ವಿದ್ಯಾರ್ಥಿಯಾಗಿದ್ದ ಜಾನ್ ರಾಬಿಸನ್ ಇಂಥವರೆಲ್ಲ ಆ ಅಂಗಡಿಗೆ ಬಂದು ಮಾತಾಡ್ತಾ ಕೂರ್ತಿದ್ರು. ಉಪಕರಣದ ಕೆಲಸ ಸಾಲದಾದಾಗ ಕೊಳಲು, ಆರ್ಗನ್ ಕೂಡ ಮಾಡಿಕೊಡ್ತಿದ್ದ.

ಇಲ್ಲೊಂದು ವಿಷಯ ಮುಚ್ಚಿಡಬಾರದು. ಜಮೈಕಾ ಅಂದ್ರೆ ಆಗ ಗುಲಾಮರ ದುಡಿಮೆ ಮೇಲೆ ನಿಂತಿದ್ದ ಸಕ್ಕರೆ ವಸಾಹತು. ವ್ಯಾಟ್ ಕುಟುಂಬದ ವ್ಯಾಪಾರಕ್ಕೂ ಆ ಲೋಕದ ನಂಟಿತ್ತು. ಮುಂದೆ ಅವನ ಕಂಪನಿ ಕೆರಿಬಿಯನ್ ಸಕ್ಕರೆ ತೋಟಗಳಿಗೂ ಎಂಜಿನ್ ಮಾರಿತು. ದೊಡ್ಡವರ ಜೀವನ ಬರೆಯುವಾಗ ಇದನ್ನ ಬಿಟ್ಟು ಬರೆಯೋದು ಸುಲಭ, ಆದ್ರೆ ಸರಿ ಅಲ್ಲ.

ಓಡದೇ ಇದ್ದ ಮಾದರಿ

1763ರ ಚಳಿಗಾಲದಲ್ಲಿ ವಿಶ್ವವಿದ್ಯಾಲಯದ ಕ್ಲಾಸಿಗೆ ಸೇರಿದ್ದ ಒಂದು ಪುಟ್ಟ ನ್ಯೂಕೊಮೆನ್ ಎಂಜಿನ್ ಮಾದರಿ ರಿಪೇರಿಗೆ ಬಂತು. ಸಿಲಿಂಡರಿನ ವ್ಯಾಸ 2 ಇಂಚು, ಸ್ಟ್ರೋಕ್ 6 ಇಂಚು. ವ್ಯಾಟ್ ಅದನ್ನ ಸರಿಮಾಡಿದ. ಆದರೂ ಕೆಲವೇ ಸ್ಟ್ರೋಕ್ ಆದ ಮೇಲೆ ನಿಂತುಹೋಗ್ತಿತ್ತು, ಬಾಯ್ಲರಿನ ಸ್ಟೀಮ್ ಸಾಲ್ತಿರಲಿಲ್ಲ. ರಿಪೇರಿಯವನಾಗಿ ಅವನ ಕೆಲಸ ಅಲ್ಲಿಗೆ ಮುಗಿದಿತ್ತು. ದೊಡ್ಡ ಎಂಜಿನ್ ಓಡುತ್ತೆ, ಚಿಕ್ಕದು ಯಾಕೆ ಓಡಲ್ಲ ಅಂತ ಕೇಳಿಕೊಂಡಿದ್ದೇ ಅವನ ಬದುಕಿನ ತಿರುವು.

ನ್ಯೂಕೊಮೆನ್ ಎಂಜಿನ್‌ನಲ್ಲಿ ಸಿಲಿಂಡರಿಗೆ ಸ್ಟೀಮ್ ತುಂಬ್ತಾರೆ, ಆಮೇಲೆ ಅದೇ ಸಿಲಿಂಡರಿನೊಳಗೆ ತಣ್ಣೀರು ಚಿಮ್ಮಿಸ್ತಾರೆ. ಸ್ಟೀಮ್ ನೀರಾಗಿ ಒಳಗೆ ವ್ಯಾಕ್ಯೂಮ್ ಆಗುತ್ತೆ, ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನ ಕೆಳಗೆ ತಳ್ಳುತ್ತೆ. ಪ್ರತಿ ಸ್ಟ್ರೋಕಿಗೂ ಸಿಲಿಂಡರ್ ಒಮ್ಮೆ ಕಾಯಬೇಕು, ಒಮ್ಮೆ ತಣ್ಣಗಾಗಬೇಕು. ಚಿಕ್ಕ ಸಿಲಿಂಡರಿನಲ್ಲಿ ಗಾತ್ರಕ್ಕೆ ಹೋಲಿಸಿದ್ರೆ ಮೇಲ್ಮೈ ಜಾಸ್ತಿ, ಅದಕ್ಕೇ ನಷ್ಟವೂ ಜಾಸ್ತಿ. ವ್ಯಾಟ್ ಅಳತೆ ಮಾಡ್ತಾ ಹೋದ. ನೀರು ಆವಿಯಾದಾಗ ಸುಮಾರು 1,800 ಪಟ್ಟು ಹಿಗ್ಗುತ್ತೆ ಅಂತ ಲೆಕ್ಕ ಹಾಕಿದ. ಸ್ವಲ್ಪ ಸ್ಟೀಮ್ ಎಷ್ಟೊಂದು ತಣ್ಣೀರನ್ನ ಕುದಿಸಿಬಿಡುತ್ತೆ ಅನ್ನೋದನ್ನ ಕಂಡು ಬೆರಗಾಗಿ ಬ್ಲ್ಯಾಕ್ ಹತ್ತಿರ ಹೋದ. ಅದು ಲೇಟೆಂಟ್ ಹೀಟ್ ಅಂತ ಅವರು ವಿವರಿಸಿದ್ರು. ಕೊನೆಗೆ ತಿಳಿದದ್ದು ಇಷ್ಟು: ಒಳಗೆ ಹೋಗೋ ಸ್ಟೀಮಿನ ಬಹುಪಾಲು ಬರೀ ಸಿಲಿಂಡರ್ ಗೋಡೆ ಕಾಯಿಸೋಕೇ ಖರ್ಚಾಗ್ತಿದೆ.

1765ರ ಮೇ ತಿಂಗಳ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಅನ್ನೋ ಬಯಲಲ್ಲಿ ವಾಕಿಂಗ್ ಹೋಗ್ತಿದ್ದಾಗ ಉತ್ತರ ಹೊಳೀತು. ಸ್ಟೀಮನ್ನ ತಣ್ಣಗೆ ಮಾಡೋ ಕೆಲಸ ಬೇರೆ ಪಾತ್ರೆಯಲ್ಲಿ ಆಗಲಿ, ಸಿಲಿಂಡರ್ ಯಾವಾಗಲೂ ಬಿಸಿಯಾಗೇ ಇರಲಿ. ಇದೇ ಸೆಪರೇಟ್ ಕಂಡೆನ್ಸರ್. ಒಂದು ಹಿತ್ತಾಳೆ ಸಿರಿಂಜನ್ನೇ ಸಿಲಿಂಡರ್ ಮಾಡ್ಕೊಂಡು ಸ್ವಲ್ಪ ದಿನದಲ್ಲೇ ಮಾದರಿ ಓಡಿಸಿ ನೋಡಿದ. ಓಡ್ತು.

ನಮ್ಮ ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತೆ. ನಿಜವಾದ ಕಷ್ಟ ಶುರುವಾಗಿದ್ದು ಇಲ್ಲಿಂದ.

ಒಂದು ನಾಣ್ಯದ ದಪ್ಪ

ಐಡಿಯಾ ಬಂದದ್ದು 1765ರಲ್ಲಿ. ಮೊದಲ ದೊಡ್ಡ ಎಂಜಿನ್‌ಗಳು ಗ್ರಾಹಕರ ಕೆಲಸಕ್ಕೆ ನಿಂತದ್ದು 1776ರಲ್ಲಿ. ನಡುವಿನ 11 ವರ್ಷ ಏನಾಯ್ತು? ಸಿಲಿಂಡರ್ ಸಿಗಲಿಲ್ಲ. ಅಷ್ಟೇ.

ವ್ಯಾಟ್ ಎಂಜಿನ್ ಚೆನ್ನಾಗಿ ಓಡಬೇಕಾದ್ರೆ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸ್ಟೀಮ್ ಸೋರಬಾರದು. ನ್ಯೂಕೊಮೆನ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ನೀರು ನಿಲ್ಲಿಸಿ ಸೋರಿಕೆ ತಡೀತಿದ್ರು. ವ್ಯಾಟ್‌ಗೆ ಅದು ಆಗಲ್ಲ, ಯಾಕಂದ್ರೆ ನೀರು ಸಿಲಿಂಡರನ್ನ ತಣ್ಣಗೆ ಮಾಡಿಬಿಡುತ್ತೆ. ಆ ಕಾಲದ ಕಮ್ಮಾರರು ಬಡಿದು ಮಾಡಿಕೊಡ್ತಿದ್ದ ಸಿಲಿಂಡರ್ ಯಾವುದೂ ಸರಿಯಾಗಿ ದುಂಡಗಿರಲಿಲ್ಲ. ಬಟ್ಟೆ, ಕಾರ್ಕು, ಎಣ್ಣೆ ಹಾಕಿದ ಚಿಂದಿ, ಹಳೇ ಟೋಪಿ, ಕಾಗದ, ಕುದುರೆ ಲದ್ದಿ ಕೂಡ ತುರುಕಿ ನೋಡಿದ. ಸೋರೋದು ನಿಲ್ಲಲಿಲ್ಲ. ಆ ಕಾಲದ ದೊಡ್ಡ ಎಂಜಿನಿಯರ್ ಜಾನ್ ಸ್ಮೀಟನ್ ಈ ಎಂಜಿನ್ ನೋಡಿ, ಇದನ್ನ ಇಷ್ಟು ನಿಖರವಾಗಿ ಮಾಡೋ ಟೂಲ್ಸೂ ಇಲ್ಲ, ಕೆಲಸಗಾರರೂ ಇಲ್ಲ ಅಂದಿದ್ದ. ಡಿಸೈನ್ ಸರಿ ಇದ್ದು, ಅದನ್ನ ಮಾಡೋ ಮಷಿನ್ ಇಲ್ಲದೇ ಹೋದ್ರೆ ಎಂಜಿನಿಯರ್ ಏನು ಮಾಡಬೇಕು? ವ್ಯಾಟ್ ಹತ್ರ ಉತ್ತರ ಇರಲಿಲ್ಲ.

ದುಡ್ಡೂ ಇರಲಿಲ್ಲ. ಜಾನ್ ರೋಬಕ್ ಅನ್ನೋ ಉದ್ಯಮಿ ಅವನ ಸಾಲ ತೀರಿಸಿ, ಲಾಭದಲ್ಲಿ ಮೂರರಲ್ಲಿ ಎರಡು ಪಾಲು ತಗೊಂಡ. 1769ರ ಜನವರಿ 5ರಂದು ಪೇಟೆಂಟ್ ಸಿಕ್ತು. ಹೊಟ್ಟೆಪಾಡಿಗೆ ವ್ಯಾಟ್ ಕಾಲುವೆಗಳ ಸರ್ವೇ ಮಾಡ್ತಾ ಸ್ಕಾಟ್ಲೆಂಡಿನ ಮಳೆಯಲ್ಲಿ ಅಲೆದ. 1773ರಲ್ಲಿ ಹಾಗೆ ಉತ್ತರದ ಬೆಟ್ಟಗಳಲ್ಲಿ ಸರ್ವೇ ಮಾಡ್ತಿದ್ದಾಗ ಹೆಂಡತಿ ಮಾರ್ಗರೆಟ್‌ಗೆ ಮೈ ಸರಿ ಇಲ್ಲ ಅಂತ ಸುದ್ದಿ ಬಂತು. ಮನೆ ಮುಟ್ಟೋ ಹೊತ್ತಿಗೆ ಅವಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಎಂಜಿನ್ ಇನ್ನೂ ಓಡ್ತಿರಲಿಲ್ಲ. ಅದೇ ವರ್ಷ ರೋಬಕ್ ದಿವಾಳಿಯಾದ.

ರೋಬಕ್ ಪಾಲನ್ನ ಬಾಕಿ ಸಾಲಕ್ಕೆ ಬದಲಾಗಿ ತಗೊಂಡವನು ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೌಲ್ಟನ್. ಸೋಹೋ ಅನ್ನೋ ದೊಡ್ಡ ಕಾರ್ಖಾನೆಯ ಒಡೆಯ, ಧೈರ್ಯಸ್ಥ, ಮಾತುಗಾರ. ವ್ಯಾಟ್ ಇದಕ್ಕೆ ತದ್ವಿರುದ್ಧ. ಸದಾ ಚಿಂತೆ, ಸದಾ ತಲೆನೋವು, ವ್ಯಾಪಾರದ ಮಾತುಕತೆ ಅಂದ್ರೆ ಮೈ ಉರಿ. 1774ರಲ್ಲಿ ವ್ಯಾಟ್ ಮಕ್ಕಳನ್ನ ಬಿಟ್ಟು ಬರ್ಮಿಂಗ್‌ಹ್ಯಾಮ್‌ಗೆ ಬಂದ.

ಸಿಲಿಂಡರಿನ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಒಬ್ಬ ಕಬ್ಬಿಣದ ಕಾರ್ಖಾನೆಯವನಿಂದ. ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯೋ ಹೊಸ ವಿಧಾನಕ್ಕೆ ಪೇಟೆಂಟ್ ತಗೊಂಡಿದ್ದ. ಆಮೇಲೆ ಸಿಲಿಂಡರಿಗೆ ಅಂತಲೇ ಒಂದು ಬೋರಿಂಗ್ ಮಷಿನ್ ಮಾಡಿದ. ಅದರ ಗುಟ್ಟು ನಮಗೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಗೊತ್ತಾಗೋ ವಿಷಯವೇ. ಹಳೇ ಮಷಿನ್‌ನಲ್ಲಿ ಕಟರ್ ಹಿಡಿದಿರೋ ಉದ್ದ ಸರಳಿಗೆ ಒಂದೇ ಕಡೆ ಆಧಾರ, ಅಂದ್ರೆ ಕ್ಯಾಂಟಿಲಿವರ್. ತುದಿ ಬಾಗುತ್ತೆ, ತೂತು ಸೊಟ್ಟಗಾಗುತ್ತೆ. ವಿಲ್ಕಿನ್ಸನ್ ಆ ಸರಳನ್ನ ಸಿಲಿಂಡರಿನ ಈ ಬಾಯಿಂದ ಆ ಬಾಯಿಗೆ ತೂರಿಸಿ ಎರಡೂ ತುದಿಗೆ ಆಧಾರ ಕೊಟ್ಟ. ಬಾಗೋದು ಕಮ್ಮಿಯಾಯ್ತು. 50 ಇಂಚು ವ್ಯಾಸದ ಸಿಲಿಂಡರಿನಲ್ಲಿ ತಪ್ಪು ಎಲ್ಲೂ ಒಂದು ಹಳೇ ಶಿಲ್ಲಿಂಗ್ ನಾಣ್ಯದ ದಪ್ಪಕ್ಕಿಂತ ಜಾಸ್ತಿ ಇಲ್ಲ ಅಂತ ಬೌಲ್ಟನ್ ಹೆಮ್ಮೆಯಿಂದ ಬರೆದುಕೊಂಡ. ಇವತ್ತಿನ ಟಾಲರೆನ್ಸ್ ಲೆಕ್ಕದಲ್ಲಿ ಅದು ನಗು ತರಿಸುತ್ತೆ. ಆದ್ರೆ ಕೈಗಾರಿಕಾ ಕ್ರಾಂತಿಗೆ ಅಷ್ಟು ಸಾಕಾಯ್ತು. 1776ರ ಮಾರ್ಚ್‌ನಲ್ಲಿ ಟಿಪ್ಟನ್ ಹತ್ತಿರದ ಬ್ಲೂಮ್‌ಫೀಲ್ಡ್ ಕಲ್ಲಿದ್ದಲು ಗಣಿಯಲ್ಲಿ ವ್ಯಾಟ್ ಎಂಜಿನ್ ಓಡ್ತು.

ವ್ಯಾಟ್ ಈ ಪಾಠ ಮರೀಲಿಲ್ಲ ಅಂತ ನನಗನ್ನಿಸುತ್ತೆ. ಒಳ್ಳೆ ವಸ್ತು ಬೇಕಾದ್ರೆ ಮೊದಲು ಅದನ್ನ ಮಾಡೋ ಒಳ್ಳೆ ಮಷಿನ್ ಬೇಕು.

ಗೆಲುವು, ಮತ್ತು ಅದರ ಇನ್ನೊಂದು ಮುಖ

ಮುಂದಿನ ಇಪ್ಪತ್ತು ವರ್ಷ ಬಹಳ ಜನಕ್ಕೆ ಗೊತ್ತಿರೋದೇ. 1775ರಲ್ಲಿ ಪಾರ್ಲಿಮೆಂಟ್ ಪೇಟೆಂಟನ್ನ 1800ರ ತನಕ ವಿಸ್ತರಿಸಿತು. ಹಳೇ ಎಂಜಿನ್‌ಗೆ ಹೋಲಿಸಿದ್ರೆ ಎಷ್ಟು ಕಲ್ಲಿದ್ದಲು ಉಳೀತೋ ಅದರ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನ ಗಣಿಯವರು ಕೊಡಬೇಕು ಅನ್ನೋದು ಕಂಪನಿಯ ಕರಾರು. ಸ್ಟ್ರೋಕ್ ಎಣಿಸೋಕೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕೌಂಟರ್ ಇಡ್ತಿದ್ರು. 1781ರಲ್ಲಿ ಸನ್ ಅಂಡ್ ಪ್ಲಾನೆಟ್ ಗೇರ್, 1782ರಲ್ಲಿ ಡಬಲ್ ಆಕ್ಟಿಂಗ್ ಎಂಜಿನ್, 1784ರಲ್ಲಿ ಪ್ಯಾರಲಲ್ ಮೋಷನ್, 1788ರಲ್ಲಿ ಗವರ್ನರ್. ಇವುಗಳಲ್ಲಿ ಅವನಿಗೆ ಅತಿ ಹೆಚ್ಚು ಹೆಮ್ಮೆ ಇದ್ದದ್ದು ಪ್ಯಾರಲಲ್ ಮೋಷನ್ ಬಗ್ಗೆ. ಬರೀ ಕೊಂಡಿಗಳನ್ನ ಜೋಡಿಸಿ ಹೆಚ್ಚುಕಮ್ಮಿ ನೇರ ಗೆರೆ ಎಳೆಸೋ ಲಿಂಕೇಜ್ ಅದು. ಗಿರಣಿ ಸುತ್ತೋ ಕುದುರೆಗೆ ಹೋಲಿಸಿ ನಿಮಿಷಕ್ಕೆ 33,000 ಫುಟ್ ಪೌಂಡ್ ಅಂತ ಹಾರ್ಸ್‌ಪವರ್ ಲೆಕ್ಕ ನಿಗದಿ ಮಾಡಿದವನೂ ಅವನೇ.

1780ರಲ್ಲಿ ಇನ್ನೊಂದು ಪೇಟೆಂಟ್ ಇದೆ, ಇದನ್ನ ನೆನಪಿಟ್ಕೊಳ್ಳಿ. ವ್ಯವಹಾರದ ಪತ್ರಗಳನ್ನ ಕೈಯಲ್ಲಿ ನಕಲು ಮಾಡಿ ಮಾಡಿ ಸಾಕಾಗಿ, ವಿಶೇಷ ಶಾಯಿಯಲ್ಲಿ ಬರೆದ ಪತ್ರದ ಮೇಲೆ ಒದ್ದೆ ಮಾಡಿದ ತೆಳು ಕಾಗದ ಒತ್ತಿ ಪ್ರತಿ ತೆಗೆಯೋ ಪ್ರೆಸ್ ಮಾಡಿದ. ನಮ್ಮ ಕಾಲೇಜ್ ಗೇಟಿನ ಎದುರಿರೋ ಜೆರಾಕ್ಸ್ ಅಂಗಡಿಯ ಮುತ್ತಜ್ಜ ಅನ್ನಬಹುದು.

ಗೆಳೆಯರ ಬಳಗವೂ ಸಿಕ್ತು. ಲೂನಾರ್ ಸೊಸೈಟಿ ಅನ್ನೋ ಆ ಗುಂಪು ಹುಣ್ಣಿಮೆಯ ಆಸುಪಾಸಿನಲ್ಲಿ ಸೇರ್ತಿತ್ತು, ರಾತ್ರಿ ಮನೆಗೆ ಹೋಗೋಕೆ ಬೆಳಕಿರಲಿ ಅಂತ. ಬೌಲ್ಟನ್, ಜೋಸೆಫ್ ಪ್ರೀಸ್ಟ್ಲಿ, ಎರಾಸ್ಮಸ್ ಡಾರ್ವಿನ್ ಎಲ್ಲ ಅದರಲ್ಲಿದ್ರು.

ಆದ್ರೆ ಇದೇ ವ್ಯಾಟ್ ಪೇಟೆಂಟ್ ವಿಷಯದಲ್ಲಿ ಬಹಳ ಕಠಿಣ. ಜೊನಾಥನ್ ಹಾರ್ನ್‌ಬ್ಲೋವರ್ ಎರಡು ಸಿಲಿಂಡರಿನ ಎಂಜಿನ್ ಮಾಡಿದಾಗ ಅವನನ್ನ ತಡೆದ್ರು. ಕೋರ್ಟ್ ಕೇಸುಗಳು 1799ರ ತನಕ ನಡೆದ್ವು. ಹೈ ಪ್ರೆಷರ್ ಸ್ಟೀಮ್ ಅಪಾಯ ಅಂತ ಅವನು ಕೊನೇ ತನಕ ವಿರೋಧಿಸಿದ. ಪೇಟೆಂಟ್ ಇಲ್ಲದಿದ್ರೆ ಬೌಲ್ಟನ್ ದುಡ್ಡು ಹಾಕ್ತಿರಲಿಲ್ಲ, ಎಂಜಿನ್ ಹುಟ್ತಿರಲಿಲ್ಲ. ಅದೇ ಪೇಟೆಂಟಿನಿಂದ ಬೇರೆಯವರ ಕೈ ಕಟ್ಟಿಹೋಯ್ತು ಅನ್ನೋದೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ್ರೇ ಅವನ ಚಿತ್ರ ಪೂರ್ತಿಯಾಗೋದು.

ಅಟ್ಟಕ್ಕೆ ಹತ್ತಿದ ಮುದುಕ

1800ರಲ್ಲಿ ಪೇಟೆಂಟ್ ಮುಗೀತು, ವ್ಯಾಟ್ ಮತ್ತು ಬೌಲ್ಟನ್ ಇಬ್ಬರೂ ವ್ಯವಹಾರವನ್ನ ಮಕ್ಕಳಿಗೆ ಬಿಟ್ಟುಕೊಟ್ರು. ಕೈ ತುಂಬ ದುಡ್ಡಿದೆ, ಊರೆಲ್ಲ ಹೆಸರಿದೆ, ವಯಸ್ಸು 64. ಸುಮ್ಮನೆ ಇರಬಹುದಿತ್ತು.

ಬರ್ಮಿಂಗ್‌ಹ್ಯಾಮ್ ಪಕ್ಕದ ಹ್ಯಾಂಡ್ಸ್‌ವರ್ತ್‌ನಲ್ಲಿ ಅವನ ಮನೆ, ಹೆಸರು ಹೀತ್‌ಫೀಲ್ಡ್. 1790ರಲ್ಲಿ ಕಟ್ಟಿಸಿದ ದೊಡ್ಡ ಮನೆ. ಅದರಲ್ಲಿ ತನ್ನ ವರ್ಕ್‌ಶಾಪ್‌ಗೆ ಅವನು ಆರಿಸಿಕೊಂಡದ್ದು ಅಡುಗೆಮನೆಯ ಮೇಲಿನ ಅಟ್ಟ. ತಗ್ಗು ಸೂರು, ಬೇಸಿಗೆಯಲ್ಲಿ ಬೇಗೆ, ಚಳಿಗಾಲದಲ್ಲಿ ಕೊರೆತ. ಕಿಟಕಿ ಹತ್ತಿರ ಕಾಲಲ್ಲಿ ತುಳಿದು ಓಡಿಸೋ ಲೇತ್, ಬೆಂಚು, ವೈಸು, ಗೋಡೆ ತುಂಬ ಶೆಲ್ಫು, ನೂರಾರು ಡಬ್ಬಿ, ಡ್ರಾಯರು. ಎರಡನೇ ಹೆಂಡತಿ ಆನ್‌ಗೆ ಮನೆ ಗಲೀಜಾಗೋದು ಒಂಚೂರೂ ಹಿಡಿಸ್ತಿರಲಿಲ್ಲ ಅಂತ ಹೇಳ್ತಾರೆ. ಕೆಲಸದ ನಡುವೆ ಊಟಕ್ಕೆ ಇಳಿದು ಬಟ್ಟೆ ಬದಲಾಯಿಸೋ ಗೋಜೇ ಬೇಡ ಅಂತ ಅವನು ಅಲ್ಲೇ ಒಂದು ಬಾಣಲೆ ಇಟ್ಕೊಂಡು ತನ್ನ ಅಡುಗೆ ತಾನೇ ಮಾಡ್ಕೊತಿದ್ದ. ಹಾಸ್ಟೆಲ್‌ನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಮ್ಯಾಗಿ ಮಾಡೋರಿಗೆ ಇದು ಅರ್ಥ ಆಗುತ್ತೆ.

1802ರಲ್ಲಿ ಪ್ಯಾರಿಸ್‌ಗೆ ಹೋದಾಗ ಪದಕಗಳ ಉಬ್ಬುಚಿತ್ರವನ್ನ ನಕಲು ಮಾಡೋ ಒಂದು ಮಷಿನ್ ನೋಡಿದ್ದ. ಅದು ಚಪ್ಪಟೆ ಪದಕಕ್ಕೆ ಮಾತ್ರ. ಇದನ್ನೇ ಇಡೀ ಶಿಲ್ಪಕ್ಕೆ ಮಾಡಿದ್ರೆ? ಪತ್ರದ ನಕಲು ಆಗಲೇ ಮಾಡಿ ಆಗಿತ್ತು. ಈಗ ತಲೆ, ಮೂಗು, ಕಿವಿ, ಕೂದಲಿನ ಸುರುಳಿ ಎಲ್ಲ ಇರೋ ಮೂರು ಆಯಾಮದ ವಸ್ತುವಿನ ನಕಲು ಬೇಕು.

ಅದೇ ಹೊತ್ತಿಗೆ ದೊಡ್ಡ ಪೆಟ್ಟು ಬಿತ್ತು. ಮಗಳು ಜೆಸ್ಸಿ 1794ರಲ್ಲೇ ಹೋಗಿದ್ದಳು. 1804ರ ಅಕ್ಟೋಬರ್‌ನಲ್ಲಿ ಮಗ ಗ್ರೆಗರಿಯೂ ಕ್ಷಯದಿಂದ ತೀರಿಹೋದ. 27 ವರ್ಷ ವಯಸ್ಸು. ಭೂವಿಜ್ಞಾನದಲ್ಲಿ ಆಸಕ್ತಿ, ಚೆನ್ನಾಗಿ ಬರೀತಿದ್ದ, ಅಪ್ಪನ ಎಲ್ಲ ಆಸೆಯೂ ಅವನ ಮೇಲಿತ್ತು. ವ್ಯಾಟ್ ಗ್ರೆಗರಿಯ ಸ್ಕೂಲ್ ಪುಸ್ತಕ, ಬರಹಗಳಿದ್ದ ಪೆಟ್ಟಿಗೆಯನ್ನ ಅಟ್ಟಕ್ಕೆ ತಂದು, ತಾನು ಕೂರೋ ಜಾಗದ ಹತ್ತಿರ ಇಟ್ಕೊಂಡ. ಬ್ಲ್ಯಾಕ್ 1799ರಲ್ಲಿ, ಪ್ರೀಸ್ಟ್ಲಿ 1804ರಲ್ಲಿ, ರಾಬಿಸನ್ 1805ರಲ್ಲಿ, ಬೌಲ್ಟನ್ 1809ರಲ್ಲಿ ಒಬ್ಬೊಬ್ಬರಾಗಿ ಹೋದ್ರು. ಉಳಿದದ್ದು ಅಟ್ಟ ಮತ್ತು ಮಷಿನ್.

ಮಷಿನ್ ಹೇಗೆ ಕೆಲಸ ಮಾಡ್ತಿತ್ತು

ವ್ಯಾಟ್ ಎರಡು ಮಷಿನ್ ಕಟ್ಟಿದ. ಒಂದು, ಮೂಲ ಶಿಲ್ಪವನ್ನ ಚಿಕ್ಕದು ಮಾಡಿ ಕೆತ್ತೋದು. ಇನ್ನೊಂದು, ಅದೇ ಅಳತೆಯಲ್ಲಿ ಕೆತ್ತೋದು.

ತತ್ವ ಪ್ಯಾಂಟೋಗ್ರಾಫ್‌ನದ್ದು. ಒಂದು ಚೌಕಟ್ಟು ಒಂದು ಕಡೆ ತಿರುಗುಗೂಟದ ಮೇಲೆ ನಿಂತಿರುತ್ತೆ. ಅದರ ಮೇಲೆ ಒಂದು ಜಾಗದಲ್ಲಿ ಮೊಂಡು ಸೂಜಿ, ಇನ್ನೊಂದು ಜಾಗದಲ್ಲಿ ಗಿರಗಿರ ತಿರುಗೋ ಕಟರ್. ಸೂಜಿಯನ್ನ ಮೂಲ ಶಿಲ್ಪದ ಮೇಲೆ ಆಡಿಸಿದ್ರೆ ಕಟರ್ ಅದೇ ದಾರಿಯನ್ನ ಹೊಸ ವಸ್ತುವಿನ ಮೇಲೆ ಕೊರೀತಾ ಹೋಗುತ್ತೆ. ತಿರುಗುಗೂಟದಿಂದ ಸೂಜಿಗೆ ಎಷ್ಟು ದೂರ, ಕಟರಿಗೆ ಎಷ್ಟು ದೂರ ಅನ್ನೋ ಅನುಪಾತದಷ್ಟೇ ನಕಲು ಚಿಕ್ಕದಾಗುತ್ತೆ. ಶಿಲ್ಪವನ್ನೂ ಜಾಬನ್ನೂ ಒಟ್ಟಿಗೆ, ಒಂದೇ ಕೋನದಷ್ಟು ತಿರುಗಿಸ್ತಾ ಹೋದ್ರೆ ಸುತ್ತಲೂ ಕೆತ್ತಬಹುದು. ಓಡಿಸೋ ಶಕ್ತಿ ಕಾಲಿನದ್ದೇ, ಟೈಲರ್ ಮಷಿನ್ ತುಳಿದ ಹಾಗೆ. ಪ್ರಪಂಚಕ್ಕೆಲ್ಲ ಸ್ಟೀಮ್ ಪವರ್ ಕೊಟ್ಟವನ ಸ್ವಂತ ವರ್ಕ್‌ಶಾಪ್ ಓಡ್ತಿದ್ದದ್ದು ಅವನ ಕಾಲಿನ ಬಲದಿಂದ.

ಲೇತ್‌ನಲ್ಲಿ ಜಾಬ್ ತಿರುಗುತ್ತೆ, ಟೂಲ್ ತಿರುಗಲ್ಲ. ಮಿಲ್ಲಿಂಗ್‌ನಲ್ಲಿ ಕಟರ್ ತಿರುಗುತ್ತೆ, ಜಾಬ್ ಬೇಕಾದ ಕಡೆ ಸರಿಯುತ್ತೆ. ಆ ಲೆಕ್ಕದಲ್ಲಿ ವ್ಯಾಟ್ ಅಟ್ಟದ ಮಷಿನ್ ಮಿಲ್ಲಿಂಗ್ ಜಾತಿಗೇ ಸೇರಿದ್ದು. ಅವನ ಕಾಲದಲ್ಲಿ ಅದನ್ನ ಯಾರೂ ಹಾಗೆ ಕರೀಲಿಲ್ಲ. ನಮ್ಮ ವರ್ಕ್‌ಶಾಪ್‌ನಲ್ಲಿ ಕಾಣೋ ಯೂನಿವರ್ಸಲ್ ಮಿಲ್ಲಿಂಗ್ ಮಷಿನ್‌ನ ಮೂಲ ರೂಪವನ್ನ ಅಮೆರಿಕದ ಜೋಸೆಫ್ ಬ್ರೌನ್ ಮಾಡಿದ್ದು 1860ರ ದಶಕದ ಶುರುವಿನಲ್ಲಿ.

ಮನೆಯಲ್ಲಿ ಇವತ್ತು ಒಂದು ಚಿಕ್ಕ ಮಿಲ್ಲಿಂಗ್ ಮಷಿನ್ ಹಾಕಬೇಕು ಅನ್ನೋರು ಕೇಳೋ ಪ್ರಶ್ನೆಗಳನ್ನೇ ಆ ಅಟ್ಟವೂ ಕೇಳುತ್ತೆ. ನೆಲ ತೂಕ ತಡೆಯುತ್ತಾ? ಮೆಟ್ಟಿಲಲ್ಲಿ, ಬಾಗಿಲಲ್ಲಿ ಮಷಿನ್ ಒಳಗೆ ಬರುತ್ತಾ? ಪವರ್ ಎಲ್ಲಿಂದ? ಬೆಳಕು ಯಾವ ಕಡೆಯಿಂದ ಬೀಳುತ್ತೆ? ಫ್ರೇಮ್ ಎಷ್ಟು ಗಟ್ಟಿ? ಈಗಿನವರು ಸಿಂಗಲ್ ಫೇಸ್ ಮೋಟರ್ ಸಾಕಾ ಅಥವಾ ವಿಎಫ್‌ಡಿ ಹಾಕಿ ತ್ರೀ ಫೇಸ್ ಮೋಟರ್ ಓಡಿಸೋದಾ ಅಂತ ಯೋಚಿಸ್ತಾರೆ, ಅಟ್ಟ ಬಿಟ್ಟು ನೆಲಮಹಡಿಯ ಕಾಂಕ್ರೀಟ್ ನೆಲ ಹುಡುಕ್ತಾರೆ, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡ್ತಾರೆ, ಡಯಲ್ ಗೇಜ್ ಹಾಕಿ ಸ್ಪಿಂಡಲ್ ಟೇಬಲ್ಲಿಗೆ ಲಂಬವಾಗಿದೆಯಾ ಅಂತ ನೋಡ್ತಾರೆ. ಸ್ಟೀಲ್ ಕತ್ತರಿಸೋಕೆ ಗಟ್ಟಿ ಎರಕದ ಮೈ ಬೇಕೇ ಬೇಕು, ಇಲ್ಲಾಂದ್ರೆ ಕಟರ್ ನಡುಗಿ ಜಾಬ್ ಮೇಲೆ ಅಲೆ ಅಲೆ ಗುರುತು ಬೀಳುತ್ತೆ. ವ್ಯಾಟ್ ಕೊರೀತಿದ್ದದ್ದು ಪ್ಲಾಸ್ಟರ್, ದಂತ, ಮೆದು ಕಲ್ಲು ಇಂಥವು. ಅವಕ್ಕೆ ಕಟಿಂಗ್ ಫೋರ್ಸ್ ಕಮ್ಮಿ. ಹಾಗಾಗಿ ಅಟ್ಟದ ನೆಲದ ಮೇಲೆ ನಿಂತ ಹಗುರ ಮಷಿನ್ನೂ, ಮುದುಕನ ಕಾಲಿನ ಬಲವೂ ಸಾಕಾಗ್ತಿತ್ತು. ಮಾಡೋ ಕೆಲಸ ಯಾವುದು ಅಂತ ಮೊದಲು ತೀರ್ಮಾನಿಸಿ, ಆಮೇಲೆ ಮಷಿನ್ ಎಷ್ಟು ದೊಡ್ಡದು ಅಂತ ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಕೆಲಸ ಬಹಳ ನಿಧಾನ. ಮೊದಲು ಒರಟಾಗಿ ಕೊರೆದು, ಆಮೇಲೆ ಸಣ್ಣ ಕಟರಿನಲ್ಲಿ ನಯ ಮಾಡಬೇಕು. ಒಂದು ತಲೆಗೆ ಎಷ್ಟೋ ಗಂಟೆ ಹಿಡೀತಿತ್ತು. ಹೀಗೆ ತಯಾರಾದ ಪುಟ್ಟ ಪ್ರತಿಮೆಗಳನ್ನ ಗೆಳೆಯರಿಗೆ ಕೊಡ್ತಾ, 83ನೇ ವರ್ಷಕ್ಕೆ ಕಾಲಿಡ್ತಿರೋ ಒಬ್ಬ ಯುವ ಕಲಾವಿದನ ಮೊದಲ ಪ್ರಯತ್ನ ಅಂತ ತಮಾಷೆ ಮಾಡ್ತಿದ್ದ. ಯೌವನದಲ್ಲಿ ಪೇಟೆಂಟಿಗಾಗಿ ಕೋರ್ಟಿನ ತನಕ ಹೋದವನು ಈ ಮಷಿನ್‌ಗೆ ಪೇಟೆಂಟ್ ತಗೊಳ್ಳಲೇ ಇಲ್ಲ. ಯಾರಿಗೂ ಮಾರಲೂ ಇಲ್ಲ. ಸಾಯೋ ವರ್ಷದ ತನಕ ಅದನ್ನ ತಿದ್ದುತ್ತಲೇ ಇದ್ದ.

1819ರ ಆಗಸ್ಟ್ 25ರಂದು ಹೀತ್‌ಫೀಲ್ಡ್‌ನಲ್ಲೇ ತೀರಿಕೊಂಡ. ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚ್‌ನಲ್ಲಿ, ಬೌಲ್ಟನ್ ಇರೋ ಕಡೆಯೇ ಮಣ್ಣು ಮಾಡಿದ್ರು. ಅದೇ ವರ್ಷ ಅಮೆರಿಕದಲ್ಲಿ ಥಾಮಸ್ ಬ್ಲಾಂಚರ್ಡ್, ಒಂದು ಮಾದರಿಯನ್ನ ನೋಡಿ ಬಂದೂಕಿನ ಮರದ ಹಿಡಿಯನ್ನ ಹಾಗೇ ಕೆತ್ತೋ ಲೇತ್‌ಗೆ ಪೇಟೆಂಟ್ ತಗೊಂಡ. ಅವನಿಗೂ ವ್ಯಾಟ್ ಅಟ್ಟಕ್ಕೂ ಸಂಬಂಧ ಇಲ್ಲ. ಆದ್ರೆ ಮಾದರಿಯನ್ನ ಮುಟ್ಟಿ ನೋಡಿ ಕಟರ್ ಓಡಿಸೋ ವಿಚಾರ ಕಾರ್ಖಾನೆಗೆ ಕಾಲಿಟ್ಟದ್ದು ಹೀಗೆ.

ಬೀಗ ತೆಗೆದ ಮೇಲೆ

ವ್ಯಾಟ್ ಸತ್ತ ಮೇಲೆ ಅಟ್ಟಕ್ಕೆ ಬೀಗ ಬಿತ್ತು. ನೂರು ವರ್ಷ ಅಲ್ಲಿಗೆ ಹೋದವರು ಬೆರಳೆಣಿಕೆಯಷ್ಟು ಜನ. ಬೆಂಚಿನ ಮೇಲಿನ ಟೂಲ್ಸ್, ಬಾಣಲೆ, ಗ್ರೆಗರಿಯ ಪೆಟ್ಟಿಗೆ, ಅರೆಬರೆ ಕೆಲಸ ಎಲ್ಲ ಧೂಳು ಹಿಡಿದು ಹಾಗೇ ಇತ್ತು. 1924ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ವಸ್ತುಗಳ ಜೊತೆಗೆ ಬಾಗಿಲು, ಕಿಟಕಿ, ನೆಲದ ಹಲಗೆಯನ್ನೂ ಬಿಚ್ಚಿ ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಒಯ್ದು, ಕೋಣೆಯನ್ನ ಹಾಗೇ ಮತ್ತೆ ಜೋಡಿಸಿದ್ರು. ಸ್ವಲ್ಪ ವರ್ಷದಲ್ಲೇ ಮನೆಯನ್ನ ಕೆಡವಿದ್ರು. ಅಟ್ಟ ಮಾತ್ರ ಉಳೀತು.

2011ರಲ್ಲಿ ಆ ಕೋಣೆಯನ್ನ ಹೊಸದಾಗಿ ಪ್ರದರ್ಶನಕ್ಕೆ ತೆರೆಯೋ ಹೊತ್ತಿಗೆ, ಅದರೊಳಗೆ ಸಿಕ್ಕ ಒಂದು ಹಳೇ ಪ್ಲಾಸ್ಟರ್ ಅಚ್ಚನ್ನ ತ್ರೀಡಿ ಸ್ಕ್ಯಾನ್ ಮಾಡಿದ್ರು. ಅಚ್ಚಿನ ಒಳಮೈಯನ್ನ ಕಂಪ್ಯೂಟರಿನಲ್ಲಿ ತಿರುವಿ ಹಾಕಿದಾಗ ಕಾಣಿಸಿದ್ದು ವ್ಯಾಟ್‌ನದ್ದೇ ಮುಖ. ಶಿಲ್ಪವನ್ನ ಮುಟ್ಟದೇ ಅಳೆದು, ಅದೇ ಆಕಾರವನ್ನ ಮತ್ತೆ ತೆಗೆಯೋದು ಈಗ ನಮ್ಮ ಮೂರನೇ ವರ್ಷದ ಪ್ರಾಜೆಕ್ಟ್ ಮಟ್ಟದ ಕೆಲಸ. ಅವನು ಅದಕ್ಕೇ ಹದಿನೈದು ವರ್ಷ ಕೂತಿದ್ದ.

ನಾವೆಲ್ಲ ಈಗ ಇಂಟರ್ನಲ್ಸ್‌ಗೆ, ರೆಸ್ಯೂಮೆಗೆ, ಪ್ಲೇಸ್‌ಮೆಂಟ್‌ಗೆ ಅಂತ ಪ್ರಾಜೆಕ್ಟ್ ಮಾಡ್ತೀವಿ. ಅದು ತಪ್ಪು ಅಂತ ನಾನು ಹೇಳಲ್ಲ, ವ್ಯಾಟ್ ಕೂಡ ಬದುಕಿನ ಬಹುಪಾಲು ದುಡ್ಡಿಗಾಗಿ, ಪೇಟೆಂಟಿಗಾಗಿ ಕಷ್ಟಪಟ್ಟವನೇ. ಆದ್ರೆ ಯಾರೂ ಕೇಳದೇ ಇದ್ದಾಗ, ಮಾರ್ಕ್ಸ್ ಕೊಡೋರು ಯಾರೂ ಇಲ್ಲದಾಗ, ಅವನು ಮತ್ತೆ ಹೋಗಿ ಕೂತದ್ದು ಹುಡುಗನಾಗಿದ್ದಾಗ ಕೂತಿದ್ದಂಥ ಬೆಂಚಿನ ಮುಂದೆ. ನಮ್ಮ ಸೀನಿಯರ್‌ಗಳು ಯಾರಾದ್ರೂ ಎಂಎಸ್ ಮಾಡೋಕೆ ಲಂಡನ್ ಕಡೆ ಹೋದ್ರೆ ಸೈನ್ಸ್ ಮ್ಯೂಸಿಯಂಗೆ ಹೋಗಿ ಬನ್ನಿ, ಪ್ರವೇಶ ಉಚಿತ. ಆ ಅಟ್ಟದ ಮುಂದೆ ಸ್ವಲ್ಪ ಹೊತ್ತು ನಿಂತು, ಬಾಣಲೆ ಎಲ್ಲಿದೆ ಅಂತ ಹುಡುಕಿ. ಕಂಡ್ರೆ ನಮಗೂ ಒಂದು ಮೆಸೇಜ್ ಹಾಕಿ.